ಎರಡು ಸಲ ಗರ್ಭ ನಿಲ್ಲಲಿಲ್ಲವೇ? ತಪಾಸಣೆಗೆ ಹೀಗೆ ಹೋಗಿ

ಮೊದಲ ಸಲ ಗರ್ಭಪಾತವಾದಾಗ 'ಮುಂದಿನ ಸಲ ಆಗ್ತದ ಬಿಡ್ರಿ' ಅನ್ನುವುದು ಸುಳ್ಳಲ್ಲ, ಹೆಚ್ಚಿನವರಿಗೆ ಆಗುತ್ತದೆ. ಎರಡನೆಯದೂ ಹೋದರೆ ಮಾತ್ರ ಕಾಯಬೇಡಿ. ಮೂರಾಗಲಿ ಎಂದು ಕಾಯುವ ರೂಢಿ ಹಿಂದಿತ್ತು. ಈಗ ಅನೇಕ ವೈದ್ಯರು ಎರಡಕ್ಕೇ ಕಾರಣ ಹುಡುಕುತ್ತಾರೆ.

ಮೊದಲು ಫೈಲು. ಹಾನಗಲ್ಲಿನಿಂದಲೋ ರೋಣದಿಂದಲೋ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಬಂದು, ಕ್ಯಾರಿಬ್ಯಾಗಿನಿಂದ ಮುದುಡಿದ ಚೀಟಿ ತೆಗೆದರೆ ಡಾಕ್ಟರಿಗೆ ತಿಳಿಯುವುದು ಕಡಿಮೆ. ಒಂದೇ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ: ಪ್ರತಿ ಸಲ ಎಷ್ಟು ವಾರಕ್ಕೆ ಹೋಯಿತು, ಸ್ಕ್ಯಾನಿನಲ್ಲಿ ಬಡಿತ ಕಂಡಿತ್ತೇ, ನೋವಿತ್ತೇ. ಎಂಟು ವಾರಕ್ಕೆ ಬಡಿತ ನಿಂತದ್ದೇ ಬೇರೆ, ಐದನೇ ತಿಂಗಳಲ್ಲಿ ನೋವಿಲ್ಲದೆ ಜಾರಿಹೋದದ್ದೇ ಬೇರೆ. ಎರಡನೆಯದಕ್ಕೆ ಗರ್ಭಕೋಶದ ಬಾಯಿ ಸಡಿಲವಿರುವುದು ಕಾರಣವಾಗಿರಬಹುದು. ಅದಕ್ಕೆ ಮುಂದಿನ ಸಲ ಹೊಲಿಗೆ ಹಾಕುತ್ತಾರೆ. ಸಂಬಂಧದಲ್ಲೇ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಗಂಡ ಜೊತೆಗೆ ಬರಲೇಬೇಕು. ಹೊರಗೆ ಬೈಕಿನ ಮೇಲೆ ಕೂತು ಕಾಯುವುದಕ್ಕಲ್ಲ, ಅವರ ರಕ್ತದ ಪರೀಕ್ಷೆಯೂ ಬೇಕಾಗಬಹುದು.

ಆಮೇಲೆ ಪರೀಕ್ಷೆ. ಥೈರಾಯ್ಡ್, ಸಕ್ಕರೆ, ಗರ್ಭಕೋಶದೊಳಗೆ ಪೊರೆಯೋ ಗಡ್ಡೆಯೋ ಇದೆಯೇ ಎಂದು ನೋಡುವ ಸ್ಕ್ಯಾನ್, ಇವು ಸುಲಭ. ತಪ್ಪಿಸಬಾರದ್ದು ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆ. ಇವು ತಾಯಿಯ ರಕ್ತ ಬೇಗ ಹೆಪ್ಪುಗಟ್ಟುವಂತೆ ಮಾಡಿ ಗರ್ಭಕ್ಕೆ ತೊಂದರೆ ಕೊಡುವ ಅಂಶಗಳು. ಒಮ್ಮೆ ಪಾಸಿಟಿವ್ ಬಂದರೆ ಸಾಲದು, ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಜ್ವರ ಅಥವಾ ಸೋಂಕಿನಿಂದಲೂ ತಾತ್ಕಾಲಿಕವಾಗಿ ಪಾಸಿಟಿವ್ ಬರುತ್ತದೆ. ಈ ಎರಡನೇ ಪರೀಕ್ಷೆಗೇ ಬಹಳ ಜನ ಮರಳಿ ಬರುವುದಿಲ್ಲ. ಮೊದಲ ರಿಪೋರ್ಟಿನ ಮೇಲೇ ಮುಂದಿನ ತಾರೀಖು ಬರೆಸಿಕೊಳ್ಳಿ. ಎರಡೂ ಪಾಸಿಟಿವ್ ಆಗಿದ್ದರೆ ಮುಂದಿನ ಗರ್ಭದಲ್ಲಿ ಕಡಿಮೆ ಡೋಸಿನ ಆಸ್ಪಿರಿನ್, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದನ್ನು ಚರ್ಮದಡಿ ಕೊಡುತ್ತಾರೆ. ಹೆಪಾರಿನ್ ಮಾಸು ದಾಟಿ ಮಗುವಿಗೆ ಹೋಗುವುದಿಲ್ಲ.

ರುಬೆಲ್ಲಾದಂಥ ಕೆಲವು ಸೋಂಕುಗಳನ್ನು ಹುಡುಕುವ 'ಟಾರ್ಚ್' ರಕ್ತಪರೀಕ್ಷೆಗೆ ದುಡ್ಡು ಸುರಿಯುವ ಮುನ್ನ ಕೇಳಿ. ಪದೇ ಪದೇ ಆಗುವ ಗರ್ಭಪಾತಕ್ಕೆ ಅದರಿಂದ ಉತ್ತರ ಸಿಗುವುದು ಅಪರೂಪ, ಆದರೂ ನಮ್ಮ ಕಡೆ ಬರೆಯುವ ಚಟವಿದೆ.

ಈ ಸಲವೂ ಗರ್ಭ ಹೋಗಿ ಕ್ಲೀನಿಂಗ್ ಆಗುವುದಿದ್ದರೆ, ಭ್ರೂಣದ ಅಂಶವನ್ನು ಕ್ರೋಮೋಸೋಮ್ (ಜೀವಕೋಶದೊಳಗಿನ, ವಂಶವಾಹಿಗಳನ್ನು ಹೊತ್ತ ಎಳೆ) ಪರೀಕ್ಷೆಗೆ ಕಳಿಸಬಹುದೇ ಎಂದು ಮೊದಲೇ ಕೇಳಿ. ಅದನ್ನು ಸಲೈನಿನಲ್ಲಿ ಹಾಕಬೇಕು. ಮಾದರಿ ಕೊಳೆಯದಂತೆ ಇಡುವ ರಾಸಾಯನಿಕವಾದ ಫಾರ್ಮಲಿನ್‌ಗೆ ಹಾಕಿದರೆ ಈ ಪರೀಕ್ಷೆ ಕೆಡುತ್ತದೆ. ಮೊದಲ ಮೂರು ತಿಂಗಳ ಗರ್ಭಪಾತದಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ಸೊಸೆ ಪಪ್ಪಾಯಿ ತಿಂದಳು, ಮೆಟ್ಟಿಲು ಹತ್ತಿದಳು ಎಂದು ದೂರುವ ಅತ್ತೆಯವರಿಗೆ ಈ ರಿಪೋರ್ಟ್ ತೋರಿಸಿ.

ಸುಮಾರು ಅರ್ಧ ಜೋಡಿಗಳಿಗೆ ಯಾವ ಕಾರಣವೂ ಸಿಗುವುದಿಲ್ಲ. ಹಾಗಂತ ಚಿಕಿತ್ಸೆ ಮುಗಿಯಿತು ಎಂದಲ್ಲ. ಅವರಲ್ಲಿ ಹೆಚ್ಚಿನವರಿಗೆ ಮುಂದೆ ಮಗು ಆಗುತ್ತದೆ. ಗರ್ಭ ಕಟ್ಟುವ ಮೊದಲೇ ಫೋಲಿಕ್ ಆಸಿಡ್ ಶುರುಮಾಡಿ. ತಿಂಗಳು ನಿಂತ ಕೂಡಲೇ ತೋರಿಸಿ. ರಕ್ತ ಕಾಣಿಸಿಕೊಂಡರೆ, ಗರ್ಭ ನಿಲ್ಲಲು ನೆರವಾಗುವ ಹಾರ್ಮೋನ್ ಪ್ರೊಜೆಸ್ಟರಾನ್ ಬೇಕೇ ಎಂದು ಕೇಳಿ. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ (ತಾಯಿಯ ದೇಹ ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಿರುಗದಂತೆ ತಡೆಯುವ) ಚುಚ್ಚುಮದ್ದಿನ ವಿಚಾರ ನೀವೇ ಎತ್ತಿ. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ತಲೆಸುತ್ತು, ಜ್ವರ ಬಂದರೆ ಮರುದಿನದ ಒಪಿಡಿಗೆ ಕಾಯದೆ 108ಕ್ಕೆ ಕರೆಮಾಡಿ.