ಎಸ್‌ಎಂಪಿಎಸ್ ಬದಲಿಸುತ್ತೀರಾ? ಹಳೆ ಕೇಬಲ್ ಮುಟ್ಟಬೇಡಿ

ರೆಡಿಮೇಡ್ ಗೇಮಿಂಗ್ ಪಿಸಿ ಕೊಂಡು ಒಂದೆರಡು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಬರುತ್ತದೆ. ಕಾರ್ಡ್ ಹಾಕಿ ಗೇಮ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಪಿಸಿ ತಟ್ಟನೆ ಆಫ್ ಆಗುತ್ತದೆ. ಹೆಚ್ಚಿನ ಸಲ ಎಲ್ಲ ಭಾಗಗಳಿಗೂ ಕರೆಂಟ್ ಹಂಚುವ ಒಳಗಿನ ಡಬ್ಬಿ, ಅಂದರೆ ಎಸ್‌ಎಂಪಿಎಸ್‌ಗೆ ಆ ಭಾರ ಹೊರುವ ತಾಕತ್ತು ಇರುವುದಿಲ್ಲ. ಅದನ್ನು ಬದಲಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಿಗಾದರೂ ಸಾಧ್ಯವಾದ ಕೆಲಸ. ಆದರೂ ಈ ಕೆಲಸಕ್ಕೆ ಇಳಿದು ಹಾರ್ಡ್ ಡಿಸ್ಕ್, ಮದರ್‌ಬೋರ್ಡ್ ಸುಟ್ಟುಕೊಂಡವರನ್ನು ನೋಡುತ್ತಲೇ ಇದ್ದೇನೆ. ಬಹುತೇಕ ಎಲ್ಲರೂ ಎಡವುವುದು ಕೇಬಲ್ ವಿಷಯದಲ್ಲಿ.

ಕೊಳ್ಳುವ ಮೊದಲು

ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಮದರ್‌ಬೋರ್ಡ್‌ಗೆ ಬಂದಿರುವ ದೊಡ್ಡ ಪ್ಲಗ್ ನೋಡಿ. 24 ಪಿನ್ ಇದ್ದರೆ ಎಟಿಎಕ್ಸ್ ಎಂಬ ಸಾಮಾನ್ಯ ಅಳತೆಯ ಎಸ್‌ಎಂಪಿಎಸ್ ಸಾಕು. ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳ ಎಷ್ಟೋ ಮಾದರಿಗಳಲ್ಲಿ ಅವರದೇ ಬೇರೆ ಪ್ಲಗ್ ಇರುತ್ತದೆ; ಅಲ್ಲಿ ಹೊಸದು ಕೂರುವುದಿಲ್ಲ. ಅಳತೆಯನ್ನೂ ತೆಗೆದುಕೊಳ್ಳಿ. ಎಟಿಎಕ್ಸ್ ಡಬ್ಬಿ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಇರುತ್ತದೆ, ಉದ್ದ ಮಾತ್ರ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಪುಟ್ಟ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಫ್‌ಎಕ್ಸ್ ಅಥವಾ ಟಿಎಫ್‌ಎಕ್ಸ್ ಎಂಬ ಇನ್ನೂ ಚಿಕ್ಕ ಅಳತೆಯದು ಇರಬಹುದು.

ಎಷ್ಟು ವ್ಯಾಟ್ ಬೇಕು? ಎನ್‌ವಿಡಿಯಾ ಕಂಪನಿಯ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್, ಎನ್‌ವಿಡಿಯಾ ಅದಕ್ಕೆ 550 ವ್ಯಾಟ್‌ನ ಎಸ್‌ಎಂಪಿಎಸ್ ಹೇಳುತ್ತದೆ. 200 ವ್ಯಾಟ್ ಎಳೆಯುವ 4070ಕ್ಕೆ 650. ಈ ಮಟ್ಟದ ಕಾರ್ಡ್‌ಗಳಿಗೆ ಒಳ್ಳೆಯ ಕಂಪನಿಯ 650 ವ್ಯಾಟ್ ಗೋಲ್ಡ್ ತೆಗೆದುಕೊಳ್ಳಿ, 1000ದ್ದಕ್ಕೆ ದುಡ್ಡು ಸುರಿಯಬೇಡಿ. 80 ಪ್ಲಸ್ ಗೋಲ್ಡ್ ಎಂಬ ಗುರುತು ಕರೆಂಟ್ ಎಷ್ಟು ಉಳಿಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಒಳಗಿನ ಕೆಲಸ ಎಷ್ಟು ಗಟ್ಟಿ ಎಂಬುದನ್ನಲ್ಲ. ಹಾಗಾಗಿ ವಾರಂಟಿ ಎಷ್ಟು ವರ್ಷ ಎಂದೂ ಕೇಳಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಅಂಗಡಿಯಲ್ಲಾಗಲಿ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಲೇಬಲ್ ಓದಿ. 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಬರೆದಿದೆಯೋ ಅದನ್ನು 12ರಿಂದ ಗುಣಿಸಿ. 54 ಆಂಪಿಯರ್ ಇದ್ದರೆ 648 ವ್ಯಾಟ್, ಅದು ನಿಜವಾದ 650. ಮೇಲೆ ದಪ್ಪಕ್ಷರದಲ್ಲಿ 450 ಎಂದಿದ್ದು, 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್ ಅಂದರೆ 216 ವ್ಯಾಟ್ ಮಾತ್ರ ಇದ್ದರೆ ಅಲ್ಲೇ ಇಟ್ಟು ಬನ್ನಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು ಆ 12 ವೋಲ್ಟ್ ಸಾಲಿನ ಮೇಲೆಯೇ. ಹಿಂದೆ 115/230 ಎಂಬ ಕೆಂಪು ಸ್ವಿಚ್ ಇರುವ ಅಗ್ಗದ ಡಬ್ಬಿಗಳೂ ಬೇಡ. ಅದು 115ರಲ್ಲಿದ್ದಾಗ ನಮ್ಮ ಮನೆಯ ಕರೆಂಟ್ ಕೊಟ್ಟರೆ ಸಿಡಿಯುತ್ತದೆ.

ಹಳೆಯದನ್ನು ಬಿಚ್ಚುವುದು

ಗೋಡೆಯ ಪಾಯಿಂಟ್‌ನಿಂದ ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಎಲ್ಲ ಕೇಬಲ್‌ಗಳ ಫೋಟೊ ತೆಗೆಯಿರಿ. ಕೊಕ್ಕೆ ಒತ್ತಿ ಪ್ಲಗ್‌ಗಳನ್ನು ಬಿಡಿಸಿ, ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಡಬ್ಬಿ ಹೊರಗೆಳೆಯಿರಿ. 24 ಪಿನ್ ಪ್ಲಗ್ ಬಿಗಿಯಾಗಿದ್ದರೆ ವೈರ್ ಹಿಡಿದು ಜಗ್ಗದೆ, ಒಂದು ಕೈಯಲ್ಲಿ ಬೋರ್ಡ್ ಒತ್ತಿ ಹಿಡಿದು ಪ್ಲಗ್ಗನ್ನು ಮೆಲ್ಲಗೆ ಆಚೀಚೆ ಅಲುಗಾಡಿಸಿ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ ಉಳಿದಿರುತ್ತದೆ.

ಇನ್ನು ಕೇಬಲ್

ಹಳೆಯದೂ ಹೊಸದೂ ಮಾಡ್ಯುಲರ್ ಆಗಿದ್ದರೆ, ಅಂದರೆ ಕೇಬಲ್‌ಗಳು ಡಬ್ಬಿಯಿಂದಲೂ ಬಿಡಿಸಿಕೊಳ್ಳುವಂತಿದ್ದರೆ, ಎಲ್ಲರಿಗೂ ಒಂದೇ ಯೋಚನೆ ಹೊಳೆಯುತ್ತದೆ: ಹಾರ್ಡ್ ಡಿಸ್ಕ್‌ಗೆ ಹೋಗಿರುವ ಕೇಬಲ್ ಕ್ಯಾಬಿನೆಟ್ ಹಿಂದೆ ನೀಟಾಗಿ ಕಟ್ಟಿದೆ, ಅದು ಅಲ್ಲೇ ಇರಲಿ, ಈ ತುದಿ ಮಾತ್ರ ಹೊಸ ಡಬ್ಬಿಗೆ ಹಾಕೋಣ ಎಂದು. ಸರಾಗವಾಗಿ ಕೂರುತ್ತದೆ ಕೂಡ. ಆನ್ ಮಾಡಿದ ಕ್ಷಣ ಡಿಸ್ಕ್ ಸಾಯಬಹುದು. ಡಿಸ್ಕ್ ಕಡೆಯ, ಬೋರ್ಡ್ ಕಡೆಯ ತುದಿಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಅಂಥ ನಿಯಮವಿಲ್ಲ. ಪ್ಲಗ್ ಆಕಾರ ಒಂದೇ ಇದ್ದರೂ ಒಳಗಿನ ವೈರ್‌ಗಳ ಕ್ರಮ ಬೇರೆ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಬೇರೆ ಇರಬಹುದು. 5 ವೋಲ್ಟ್ ಹೋಗಬೇಕಾದ ದಾರಿಯಲ್ಲಿ 12 ವೋಲ್ಟ್ ಹೋದರೆ ಡಿಸ್ಕ್‌ನಲ್ಲಿದ್ದ ಮಗುವಿನ ನಾಮಕರಣದ ಫೋಟೊಗಳೂ ಅದರ ಜೊತೆಗೇ ಹೋದಂತೆ. ಹಳೆ ಕೇಬಲ್ ಒಂದೂ ಉಳಿಯದಂತೆ ತೆಗೆಯಿರಿ. ಸ್ನೇಹಿತರ ಮನೆಯ ಹೆಚ್ಚುವರಿ ಕೇಬಲ್ಲೂ ಬೇಡ. ಹೊಸ ಬಾಕ್ಸ್‌ನಲ್ಲಿ ಬಂದದ್ದು ಮಾತ್ರ.

ಎರಡನೆಯ ಗೊಂದಲ 8 ಪಿನ್‌ನದು. ಪ್ರೊಸೆಸರ್ ಕೇಬಲ್ 4+4 ಆಗಿ ಬಿಡಿಸಿಕೊಳ್ಳುತ್ತದೆ, ಗ್ರಾಫಿಕ್ಸ್ ಕಾರ್ಡ್ ಕೇಬಲ್ 6+2 ಆಗಿ. ಒಂದರಲ್ಲಿ 12 ವೋಲ್ಟ್ ಇರುವ ಸಾಲು ಇನ್ನೊಂದರಲ್ಲಿ ಗ್ರೌಂಡ್. ತಪ್ಪು ಜಾಗಕ್ಕೆ ಹೋಗದಂತೆ ಪಿನ್‌ಗಳ ಆಕಾರ ಮಾಡಿದ್ದಾರೆ ನಿಜ, ಬಲ ಹಾಕಿ ತುರುಕಿದರೆ ಆ ತಡೆ ನಿಲ್ಲುವುದಿಲ್ಲ. ಪ್ಲಗ್ ಮೇಲೆ ಪ್ರೊಸೆಸರ್‌ನದಕ್ಕೆ ಸಿಪಿಯು, ಗ್ರಾಫಿಕ್ಸ್ ಕಾರ್ಡ್‌ನದಕ್ಕೆ ಪಿಸಿಐಇ ಎಂದು ಅಚ್ಚು ಹಾಕಿರುತ್ತಾರೆ. ಟಾರ್ಚ್ ಬಿಟ್ಟು ಓದಿ.

ಹಾರ್ಡ್ ಡಿಸ್ಕ್‌ಗೆ ಹೋಗುವ ಸಾಟಾ ಪ್ಲಗ್‌ನಿಂದ ಗ್ರಾಫಿಕ್ಸ್ ಕಾರ್ಡ್‌ಗೆ ಕರೆಂಟ್ ಕೊಡುವ ಅಗ್ಗದ ಅಡಾಪ್ಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಾಟಾ ಪ್ಲಗ್‌ನ 12 ವೋಲ್ಟ್ ಪಿನ್‌ಗಳು ಹೊರುವುದು 54 ವ್ಯಾಟ್. 6 ಪಿನ್ ಕಾರ್ಡ್ ಕೇಳಬಹುದಾದದ್ದು 75. ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ದಯವಿಟ್ಟು ಕೊಳ್ಳಬೇಡಿ.

ನಿಮ್ಮ ಕಾರ್ಡ್‌ಗೆ ಹೊಸ 16 ಪಿನ್ ಪ್ಲಗ್ ಇದ್ದರೆ ಇನ್ನಷ್ಟು ಎಚ್ಚರ ಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಈ ಪ್ಲಗ್ ಕರಗಿದ ಪ್ರಕರಣಗಳಲ್ಲಿ ಕಂಡ ಮುಖ್ಯ ಕಾರಣವೊಂದು, ಅದು ಪೂರ್ತಿ ಒಳಗೆ ಹೋಗಿರಲಿಲ್ಲ ಎಂಬುದು. ನಡುವೆ ಕೂದಲೆಳೆಯಷ್ಟೂ ಸಂದು ಕಾಣದವರೆಗೆ ನೇರವಾಗಿ ಒತ್ತಿ. ಪ್ಲಗ್‌ನಿಂದ ಮೂರೂವರೆ ಸೆಂ.ಮೀ. ವರೆಗೆ ಕೇಬಲ್ ಬಾಗಿಸಬೇಡಿ.

ಕೂರಿಸಿ ಆನ್ ಮಾಡುವುದು

ಮಾಡ್ಯುಲರ್ ಆದರೆ ಬೇಕಾದ ಕೇಬಲ್‌ಗಳನ್ನು ಡಬ್ಬಿಗೆ ಮೊದಲೇ ಹಾಕಿಕೊಳ್ಳಿ, ಒಳಗೆ ಕೂರಿಸಿದ ಮೇಲೆ ಕೈ ತೂರುವುದಿಲ್ಲ. ಕ್ಯಾಬಿನೆಟ್ ತಳದಲ್ಲಿ ಜಾಲರಿ ಇದ್ದರೆ ಫ್ಯಾನ್ ಕೆಳಮುಖ, ಇಲ್ಲದಿದ್ದರೆ ಮೇಲ್ಮುಖ. ನಾಲ್ಕು ಸ್ಕ್ರೂ ಬಿಗಿ ಮಾಡಿ, ಪ್ಲಗ್‌ಗಳನ್ನು ಕೊಕ್ಕೆ ಟಕ್ ಎನ್ನುವವರೆಗೆ ಒತ್ತಿ. ಅರ್ಥಿಂಗ್ ಸರಿ ಇರುವ ಮೂರು ಪಿನ್ ಪಾಯಿಂಟ್‌ಗೇ ಹಾಕಿ.

ಆನ್ ಆಗದಿದ್ದರೆ ಗಾಬರಿ ಬೇಡ. ಮೊದಲು ಡಬ್ಬಿಯ ಹಿಂದಿನ ಸ್ವಿಚ್, ಆಮೇಲೆ ಪ್ರೊಸೆಸರ್ ಕೇಬಲ್ ನೋಡಿ, ಮರೆತುಹೋಗುವುದು ಇವೆರಡೇ. ಆನ್ ಆದರೆ ಒಂದು ತಾಸು ಭಾರೀ ಗೇಮ್ ಓಡಿಸಿ.

ಯುಪಿಎಸ್ ಬಳಸುವವರಿಗೆ ಒಂದು ಮಾತು: 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್ ಅಷ್ಟೆ. ಹೊಸ ಕಾರ್ಡ್ ಪೂರ್ತಿ ಓಡುತ್ತಿರುವಾಗ ಕರೆಂಟ್ ಹೋದರೆ ಅದಕ್ಕೆ ತಡೆಯಲಾಗದೆ ಹೋಗಬಹುದು.

ಉಳಿದ ಕೇಬಲ್‌ಗಳನ್ನು ಹೊಸ ಬಾಕ್ಸ್‌ಗೆ ತುಂಬಿ, ಮೇಲೆ ಮಾದರಿಯ ಹೆಸರು ಬರೆದಿಡಿ. ಹಳೆ ಕೇಬಲ್‌ಗಳನ್ನು ಹಳೆ ಡಬ್ಬಿಗೇ ಕಟ್ಟಿ ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ.