ಟ್ಯಾಪೆಟ್ ಅಲ್ಲ, ಮ್ಯಾನಿಫೋಲ್ಡ್: ಹಳೇ ಝೆನ್‌ನ ಟಿಕ್ ಟಿಕ್ ಹಿಡಿದ ಬಗೆ

ಗಾಡಿ ಕಾರ್ಬ್ಯುರೇಟರ್ ಇರುವ ಮಾರುತಿ ಝೆನ್, 993 ಸಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್, ಬಿಸಿಯಾದ ಮೇಲೆ ಮಾಯ. ಬೆಂಗಳೂರಿನ ಡೈರಿ ಸರ್ಕಲ್ ಫ್ಲೈಓವರ್ ಏರುವಾಗ ಮೂರನೇ ಗೇರಲ್ಲಿ ಒತ್ತಿದರೆ ಒಮ್ಮೊಮ್ಮೆ ಮತ್ತೆ ಹಾಜರ್. ಗ್ಯಾರೇಜ್ ಮುಟ್ಟುವಷ್ಟರಲ್ಲಿ ಸದ್ದೇ ಇರುವುದಿಲ್ಲ. "ಟ್ಯಾಪೆಟ್ ಸಾರ್, ಹಳೇ ಗಾಡಿ ಅಂದ್ಮೇಲೆ ಇದ್ದದ್ದೇ" ಅನ್ನುವುದು ಎಲ್ಲರ ತೀರ್ಪು. ಟ್ಯಾಪೆಟ್ ಅಂದರೆ ವಾಲ್ವನ್ನು ಒತ್ತಿ ತೆರೆಯುವ ಭಾಗ, ಅಲ್ಲಿ ಸಂದು ಜಾಸ್ತಿಯಾದರೆ ಟಿಕ್ ಟಿಕ್ ಬರುತ್ತೆ.

ಆ ತೀರ್ಪನ್ನು ನಂಬಿ ಸುರಿದ ದುಡ್ಡು ಕಡಿಮೆಯೇನಲ್ಲ. ಟ್ಯಾಪೆಟ್ ಸೆಟ್ಟಿಂಗ್, ವಾಲ್ವ್ ಕವರ್ ಪ್ಯಾಕಿಂಗ್ ಸೇರಿ ಎರಡು ಸಾವಿರದ ಹತ್ತಿರ. ಎಂಜಿನ್ ಫ್ಲಶ್, 20ಡಬ್ಲ್ಯೂ50 ಆಯಿಲ್ ಅಂತ ಇನ್ನೊಂದು ಎರಡೂವರೆ. ತಣ್ಣಗಿದ್ದಾಗ ಆ ಸಂದನ್ನು ಇಂಟೇಕ್ 0.15, ಎಕ್ಸಾಸ್ಟ್ 0.18 ಮಿ.ಮೀ. ಆಸುಪಾಸು ಇಟ್ಟರೂ ಸದ್ದು ಕದಲಲಿಲ್ಲ. ದಪ್ಪ ಆಯಿಲ್‌ನಿಂದ ಡಿಸೆಂಬರ್ ಬೆಳಗ್ಗೆ ಸ್ಟಾರ್ಟರ್ ನರಳಿದ್ದಷ್ಟೇ ಲಾಭ.

ಒಂದೊಂದೇ ಪ್ಲಗ್ ವೈರ್ ತೆಗೆದು ನೋಡುವ ಹಳೇ ಉಪಾಯದಲ್ಲಿ ಒಂದು ಸುಳಿವು ಸಿಕ್ಕಿತು. ನಾಲ್ಕನೇದನ್ನು ತೆಗೆದರೆ ಟಿಕ್ ಮುಕ್ಕಾಲುಪಾಲು ಇಳಿಯುತ್ತೆ. (ತೆಗೆದ ವೈರಿಗೆ ಬೇರೆ ಪ್ಲಗ್ ಸಿಕ್ಕಿಸಿ ಗಾಡಿಯ ಲೋಹದ ಮೈಗೆ ಅರ್ತ್ ಕೊಡಿ, ಕಾಯಿಲ್ ಉಳಿಯುತ್ತೆ.) ಟ್ಯಾಪೆಟ್ ಆಗಿದ್ದರೆ ಇಳಿಯಬಾರದು. ಆದರೆ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು), ಸಡಿಲವಾದ ಪ್ಲಗ್, ಸಿಲಿಂಡರುಗಳ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಮ್ಯಾನಿಫೋಲ್ಡಿನ ಲೀಕ್, ಈ ಮೂರರ ಸದ್ದೂ ಇಳಿಯುತ್ತೆ. ಬೇರಿಂಗೇ ಅಂತ ಹಟ ಹಿಡಿದವರೊಬ್ಬರು ಎಂಜಿನ್ ಇಳಿಸಲು ಮೂವತ್ತು ಸಾವಿರದ ಲೆಕ್ಕ ಕೊಟ್ಟರು.

ನಾನು ಹಿಡಿದ ದಾರಿ ಬೇರೆ. ಸದ್ದು ಎಲ್ಲಿಂದ ಬರುತ್ತೆ ಅನ್ನುವುದನ್ನು ಬಿಟ್ಟು, ಕಿಡಿ ಹಾರಿದ ಎಷ್ಟು ಹೊತ್ತಿಗೆ ಬರುತ್ತೆ ಅಂತ ಅಳೆಯುವುದು. ಹೇಳಿದಾಗ ನಕ್ಕವರೇ ಎಲ್ಲ. ಎಸ್.ಪಿ. ರೋಡಿನಲ್ಲಿ ಸ್ಟೀರಿಯೊ ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಪುಟ್ಟ ಮೈಕ್, ಅದಕ್ಕೊಂದು ಪ್ರೀಆಂಪ್ ಬೋರ್ಡ್, ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಎಡ ಚಾನೆಲ್‌ಗೆ ರಬ್ಬರ್ ಪೈಪಿನ ತುದಿಗೆ ಕೂರಿಸಿದ ಮೈಕ್. ಬಲ ಚಾನೆಲ್‌ಗೆ ನಾಲ್ಕನೇ ಪ್ಲಗ್ ವೈರಿನ ಮೇಲೆ ಐದಾರು ಸುತ್ತು ಸುತ್ತಿದ ಇನ್ಸುಲೇಟೆಡ್ ವೈರ್. ನಡುವೆ ರೆಸಿಸ್ಟರ್, ಡಯೋಡ್‌ಗಳ ಸಣ್ಣ ಸರ್ಕ್ಯೂಟ್ ಬೇಕೇ ಬೇಕು, ಇಲ್ಲದಿದ್ದರೆ ಕಾರ್ಡ್ ಸುಟ್ಟುಹೋಗುತ್ತೆ. ಅದರ ವ್ಯಾಲ್ಯೂ ಮಾತ್ರ ನನ್ನ ಹತ್ತಿರವೇ ಇರಲಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಆಡಾಸಿಟಿ ಅನ್ನುವ ಸಾಫ್ಟ್‌ವೇರಿನಲ್ಲಿ ರೆಕಾರ್ಡ್.

ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಇರುವ ಎಂಜಿನ್ನಿನಲ್ಲಿ ಒಂದೇ ವೈರಿನ ಎರಡು ಕಿಡಿಗಳ ನಡುವೆ ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ. ಚೋಕ್ ಎಳೆದು 1200 ಆರ್‌ಪಿಎಂ ಆಸುಪಾಸು ನಿಂತರೆ ಅದು 100 ಮಿಲಿಸೆಕೆಂಡ್, ಅಂದರೆ ಮಿಲಿಸೆಕೆಂಡಿಗೆ 7.2 ಡಿಗ್ರಿ. ಪ್ಲಗ್ ಸಡಿಲವಿದ್ದರೂ ಬೇರಿಂಗ್ ಹೋಗಿದ್ದರೂ ಕಿಡಿಯಾದ ನಾಲ್ಕೈದು ಮಿಲಿಸೆಕೆಂಡಿನೊಳಗೇ ಸದ್ದು ಬರಬೇಕು. ಎಕ್ಸಾಸ್ಟ್ ವಾಲ್ವ್ ತೆರೆಯುವುದು 20 ಮಿಲಿಸೆಕೆಂಡಿನ ಹತ್ತಿರ, ಮುಚ್ಚುವುದು 54ರ ಹತ್ತಿರ, ಇಂಟೇಕ್ ಮುಚ್ಚುವುದು 84ರ ಹತ್ತಿರ. ನನ್ನ ಗ್ರಾಫಿನಲ್ಲಿ ಟಿಕ್ 19ರಿಂದ 21ರೊಳಗೆ ಕೂತಿತ್ತು, ಪ್ರತಿ ಕಿಡಿಗೂ. 54ರಲ್ಲಿ ಏನೂ ಇಲ್ಲ. ಟ್ಯಾಪೆಟ್ ಲೂಸ್ ಇದ್ದರೆ ವಾಲ್ವ್ ಸೀಟಿಗೆ ಬಡಿಯುವಾಗಲೂ ಸದ್ದು ಕಾಣಬೇಕಿತ್ತು. ವಾಲ್ವ್ ತೆರೆದ ಕ್ಷಣ ಗ್ಯಾಸ್ ಹೊರಗೆ ಚಿಮ್ಮುತ್ತಿದೆ ಅನ್ನುವುದು ಅಲ್ಲಿಗೆ ಖಾತ್ರಿ. ಪೈಪಿನ ಬದಲು ಮೈಕನ್ನು ಉದ್ದ ಸ್ಕ್ರೂಡ್ರೈವರಿಗೆ ಕಟ್ಟಿ ಎಂಜಿನ್ನಿನ ಹೆಡ್ಡಿಗೆ (ವಾಲ್ವ್‌ಗಳಿರುವ ಮೇಲಿನ ಭಾಗ) ಒತ್ತಿದರೆ ಅದೇ ಟಿಕ್ ಮಸುಕು. ಗಾಳಿಯಲ್ಲಿ ಬರುವ ಸದ್ದಿನ ಗುರುತು ಅದು.

ಆಮೇಲೆ ಲೀಕಿನ ಜಾಗ ಹುಡುಕಲು ತಣ್ಣಗಿನ ಎಂಜಿನ್ನಿನ ಸೈಲೆನ್ಸರ್ ತುದಿಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ಕಡೆಯನ್ನು ಬಟ್ಟೆ ಸುತ್ತಿ ಸಿಕ್ಕಿಸಿ, ಹೀಟ್ ಶೀಲ್ಡ್ ಬಿಚ್ಚಿ ಸೋಪ್ ನೀರು ಹಾಕಿದೆ. ನಾಲ್ಕನೇ ಪೋರ್ಟಿನ ಕೆಳಗೆ ಗುಳ್ಳೆ. ಇದನ್ನೇ ಮೊದಲು ಮಾಡಬಹುದಿತ್ತಲ್ಲ ಅನ್ನಬೇಡಿ: ಹಳೇ ಗಾಡಿಯಲ್ಲಿ ಗುಳ್ಳೆ ನಾಲ್ಕಾರು ಕಡೆ ಬರುತ್ತೆ, ಸದ್ದಿಗೆ ಯಾವುದು ಕಾರಣ ಅಂತ ಅದು ಹೇಳುವುದಿಲ್ಲ.

ಮ್ಯಾನಿಫೋಲ್ಡನ್ನು ಹೆಡ್ಡಿಗೆ ಬಿಗಿಯುವ ತುದಿಯ ಸ್ಟಡ್ ಮುರಿದಿತ್ತು. ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಹೆಡ್ಡಿಗಿಂತ ಬಹಳ ಹೆಚ್ಚು ಕಾಯುತ್ತೆ, ಹಿಗ್ಗಿ ಹಿಗ್ಗಿ ತುದಿಯ ಸ್ಟಡ್‌ಗಳನ್ನೇ ಜಗ್ಗುತ್ತೆ. ಕಾದಾಗ ಸಂದು ಮುಚ್ಚಿಕೊಂಡು ಸದ್ದು ನಿಲ್ಲುವುದೂ ಇದರಿಂದಲೇ. ಮುರಿದ ತುಂಡಿಗೆ ನಟ್ ವೆಲ್ಡ್ ಮಾಡಿ ತೆಗೆಸಿದ್ದು ಆರುನೂರು. ಸ್ಕೇಲ್ ಇಟ್ಟು ಸಂದು ಅಳೆಯುವ ಫೀಲರ್ ಹಾಕಿದರೆ ಮ್ಯಾನಿಫೋಲ್ಡ್ 0.3 ಮಿ.ಮೀ.ಯಷ್ಟು ಸೊಟ್ಟ, ಲೇತ್‌ನಲ್ಲಿ ಫೇಸಿಂಗ್ ಐನೂರು ಚಿಲ್ಲರೆ. ಪ್ಯಾಕಿಂಗ್, ಸ್ಟಡ್, ನಟ್ ಜೆ.ಸಿ. ರಸ್ತೆಯಲ್ಲಿ ನಾನೂರರೊಳಗೆ. ಮಧ್ಯದಿಂದ ಹೊರಕ್ಕೆ, 2.3 ಕೆಜಿ-ಮೀಟರ್ ಹತ್ತಿರ ಟೈಟ್, ನಾಲ್ಕೈದು ಸಲ ಕಾದು ತಣಿದ ಮೇಲೆ ಮತ್ತೊಮ್ಮೆ. ಪ್ಯಾಕಿಂಗಿಗೆ ಸಿಲಿಕೋನ್ ಬಳಿಯಬೇಡಿ, ಆ ಬಿಸಿಗೆ ಅದು ಸುಟ್ಟು ಉದುರುತ್ತೆ.

ಇದೇ ಸಲಕರಣೆಯನ್ನು ಕುತೂಹಲಕ್ಕೆ ಒಂದು ಹಳೇ ಎಂಪಿಎಫ್ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗೂ ಹಾಕಿದೆ. ಅಲ್ಲಿನ ಟಿಕ್ ಕಿಡಿಯ ಲಯಕ್ಕೆ ಸೇರಲೇ ಇಲ್ಲ, ರೇಸ್ ಮಾಡಿದರೂ ಜೊತೆಗೆ ಏರಲಿಲ್ಲ. ಪೆಟ್ರೋಲ್ ಆವಿಯನ್ನು ಎಂಜಿನ್ನಿಗೆ ಬಿಡುವ ಕ್ಯಾನಿಸ್ಟರ್ ಪರ್ಜ್ ವಾಲ್ವಿನ ಕನೆಕ್ಟರ್ ಕಿತ್ತ ಕೂಡಲೇ ನಿಂತಿತು. ಡಿಸ್ಟ್ರಿಬ್ಯೂಟರ್ ಇಲ್ಲದೆ ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ ಕಿಡಿ 360 ಡಿಗ್ರಿಗೊಮ್ಮೆ ಬರುತ್ತೆ, ಅಲ್ಲಿ ಒಂದನ್ನು ಬಿಟ್ಟು ಒಂದನ್ನು ಎಣಿಸಬೇಕು.