ಖಿನ್ನತೆ ಮಾತ್ರೆ ಬಿಟ್ಟು ಗಾಂಜಾ ಎಣ್ಣೆಗೆ ಬಂದದ್ದು: ನನ್ನ ಅನುಭವ

ಖಿನ್ನತೆ ಮಾತ್ರೆ ಪೂರ್ತಿ ನಿಂತು ವರ್ಷ ದಾಟಿದೆ. ಈಗ ಮಲಗುವ ಮುಂಚೆ ವೈದ್ಯರು ಬರೆದುಕೊಟ್ಟ ಗಾಂಜಾ ಎಣ್ಣೆ, ನಾಲಿಗೆ ಕೆಳಗೆ, ಒಂದೇ ಸಲ. ಹೆಚ್ಚುಕಡಿಮೆ ದಿನಾ ಬರುತ್ತಿದ್ದ ಅಪಘಾತದ ಕನಸು ತಿಂಗಳಿಗೆ ಒಂದೋ ಎರಡೋ ಸಲಕ್ಕೆ ಇಳಿದಿದೆ. "ಇದು ನಶೆ ಕಣೋ, ಚಿಕಿತ್ಸೆ ಅಲ್ಲ" ಅಂತ ಜಗಳ ಆಡಿದ್ದ ಅಣ್ಣನೇ ಈಗ ನನ್ನ ನಿದ್ದೆ ನೋಡಿ ಸುಮ್ಮನಾಗಿದ್ದಾನೆ. ಮನೋವೈದ್ಯರಿಗೂ ಮೊದಲು ನಂಬಿಕೆ ಇರಲಿಲ್ಲ. ಆದರೂ ಜೊತೆಗೆ ನಿಂತರು.

ಮಾತ್ರೆಗಳನ್ನು ನಾನು ಬೈಯುವುದಿಲ್ಲ. ನನಗಿರುವ ಪಿಟಿಎಸ್‌ಡಿಗೆ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿರುವುದು ಸರ್ಟ್ರಲೀನ್ ಮತ್ತು ಪ್ಯಾರೊಕ್ಸೆಟೀನ್ ಎರಡನ್ನೇ. ಎರಡನ್ನೂ ತೆಗೆದುಕೊಂಡಿದ್ದೇನೆ. ಗಾಬರಿ ಇಳಿಯಿತು. ಜೊತೆಗೆ ನಗು, ಅಳು, ಆಸೆ ಎಲ್ಲವೂ ಇಳಿದವು. ಕನಸು ಮಾತ್ರ ಹೋಗಲಿಲ್ಲ. ನನಗೆ ಬೇಕಾಗಿದ್ದದ್ದೇ ಅದು.

ದುಡ್ಡು ಜಾಸ್ತಿ ಹೋಗಿದ್ದು ಸಿಬಿಡಿಗೆ, ಅಂದರೆ ಗಾಂಜಾದಲ್ಲಿನ ಅಮಲು ತರದ ಅಂಶಕ್ಕೆ. ಅಮಲಿಲ್ಲ, ಭಯವಿಲ್ಲ ಅಂತ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ ಅಲ್ವಾ? ದಿನಕ್ಕೆ 20-30 ಮಿಲಿಗ್ರಾಂ ತೆಗೆದುಕೊಂಡರೆ ನನಗೆ ಏನೂ ಆಗಲಿಲ್ಲ. ಬ್ರೆಜಿಲ್‌ನಲ್ಲಿ ಭಾಷಣದ ಭಯದ ಮೇಲೆ ನಡೆದ ಒಂದು ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ 150 ಸಾಲಲಿಲ್ಲ, 600 ಕೂಡ ಕೆಲಸ ಮಾಡಲಿಲ್ಲ, 300 ಮಿಲಿಗ್ರಾಂ ಮಾಡಿತು. ಅಂದರೆ 1000 ಮಿಲಿಗ್ರಾಂ ಬಾಟಲಿ ಮೂರೇ ಸಲಕ್ಕೆ ಖಾಲಿ! ವಿಮೆಯವರು ಮಾತ್ರೆಗೆ ಕೊಡುತ್ತಿದ್ದರು, ಎಣ್ಣೆಗೆ ಪೈಸೆ ಕೊಡಲಿಲ್ಲ. ಮೊದಲ ಕೆಲವು ತಿಂಗಳು ಸಂಬಳದ ಐದನೇ ಒಂದು ಭಾಗ ಇದಕ್ಕೇ ಹೋಯಿತು. ಇನ್ನೊಂದು ವಿಷಯ: ಸಿಬಿಡಿ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ, ಕೆಲವು ಖಿನ್ನತೆ ಮಾತ್ರೆಗಳ ಮಟ್ಟ ರಕ್ತದಲ್ಲಿ ಏರುತ್ತದೆ. ಎರಡೂ ಒಟ್ಟಿಗೆ ನಡೆಯುತ್ತಿದ್ದರೆ ವೈದ್ಯರಿಗೆ ಹೇಳಲೇಬೇಕು.

ಆಮೇಲೆ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲು ತರುವ ಅಂಶ, ಜಾಸ್ತಿ ಇರುವ ಎಣ್ಣೆ. ಅಂಗಡಿಯವರು ಹೇಳಿದ್ದು 10 ಮಿಲಿಗ್ರಾಂ. ಆ ರಾತ್ರಿ ಎದೆ ಹೊಡೆದುಕೊಂಡ ರೀತಿ, ಅಪಘಾತದ ದಿನವೂ ಹಾಗಿರಲಿಲ್ಲ. ಶಿಕಾಗೋದಲ್ಲಿ ನಡೆದ ಅಧ್ಯಯನ ಇದೆ, 2017ರದ್ದು: 7.5 ಮಿಲಿಗ್ರಾಂ ಟಿಎಚ್‌ಸಿ ಒತ್ತಡ ಇಳಿಸಿತು, 12.5 ಏರಿಸಿತು. ಅದನ್ನು ಓದಿದ ಮೇಲೆ ನನ್ನ ದಾರಿ ಸ್ಪಷ್ಟವಾಯಿತು. ಬೇಕಾಗಿದ್ದದ್ದು ಬಲವಾದ ಎಣ್ಣೆ ಅಲ್ಲ, ಚಿಕ್ಕ ಅಳತೆ.

ತಿನ್ನುವ ರೂಪ ನನಗೆ ಆಗಿಬರಲಿಲ್ಲ. ಒಂದು ದಿನ ಮುಕ್ಕಾಲು ಗಂಟೆಗೆ ಏರಿತು, ಇನ್ನೊಂದು ದಿನ ಎರಡು ಗಂಟೆ. ಬೆಳಿಗ್ಗೆಯೂ ತಲೆ ಭಾರ. ಎಣ್ಣೆಗೆ ಡ್ರಾಪರ್ ನಂಬಬೇಡಿ, ಹನಿಯಿಂದ ಹನಿಗೆ ಅಳತೆ ಬದಲಾಗುತ್ತದೆ. ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್ ತೆಗೆದುಕೊಳ್ಳಿ. ಸುಮಾರು ಒಂದೂವರೆ ಮಿಲಿಗ್ರಾಂ ಟಿಎಚ್‌ಸಿಯಿಂದ ಶುರು ಮಾಡಿ, ವಾರಕ್ಕೊಮ್ಮೆ ಒಂದಿಷ್ಟು ಏರಿಸಿ, 4ರ ಹತ್ತಿರ ನಿಂತೆ. ಎಂಎಲ್‌ಗೆ 10 ಮಿಲಿಗ್ರಾಂ ಇರುವ 30 ಎಂಎಲ್ ಬಾಟಲಿ ಈಗ ಎರಡೂವರೆ ತಿಂಗಳು ಬರುತ್ತದೆ. ಖರ್ಚು ಮೊದಲಿನ ಕಾಲು ಭಾಗಕ್ಕೂ ಕಡಿಮೆ. ಸಿಬಿಡಿ ಎಷ್ಟು ಸೇರಿಸುತ್ತೇನೆ, ಊಟಕ್ಕೆ ಹೋಲಿಸಿ ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೇನೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಮೈಗೆ ಕೂಡಿಬಂದ ಲೆಕ್ಕ.

ಮಾತ್ರೆ ಇಳಿಸಿದ್ದು ಇದಾದ ಮೇಲೆ, ವೈದ್ಯರ ಕಣ್ಣೆದುರೇ. 100ರಿಂದ 50 ಮಿಲಿಗ್ರಾಂಗೆ ಬಂದದ್ದು ಗೊತ್ತೇ ಆಗಲಿಲ್ಲ. ಕೊನೆಯ 25 ಮಾತ್ರ ಜೀವ ಹಿಂಡಿತು. ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ಕಾರಣವಿಲ್ಲದ ಸಿಟ್ಟು. ಡೋಸ್ ಸಣ್ಣದಾದಷ್ಟೂ ಅದರ ಪ್ರತಿ ಮಿಲಿಗ್ರಾಂ ಮಿದುಳಿನಲ್ಲಿ ಮಾಡುವ ಕೆಲಸ ದೊಡ್ಡದು. ಅದಕ್ಕೇ ಕೊನೆಯ ಹೆಜ್ಜೆಗಳನ್ನು ದ್ರವರೂಪದ ಔಷಧಿಯಿಂದ ಚೂರುಚೂರೇ ಇಳಿಸಿದೆವು, ತಿಂಗಳುಗಟ್ಟಲೆ. ದಿಢೀರ್ ಅಂತ ಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯ.

ನಡುವೆ ವೇಪರೈಸರ್ (ಗಾಂಜಾವನ್ನು ಸುಡದೆ ಕಾಯಿಸಿ ಆವಿ ಎಳೆಯುವ ಸಾಧನ) ಜೊತೆಗೂ ಆಡಿದೆ. 175 ಡಿಗ್ರಿಯಲ್ಲಿ ತಲೆ ತಿಳಿಯಾಗಿತ್ತು, 200 ದಾಟಿದರೆ ಮಂಪರು, ಗಂಟಲು ಕೆರೆತ. ಐದು ನಿಮಿಷದಲ್ಲೇ ಹಿಡಿಯುತ್ತದೆ, ಆದರೆ ನಡುರಾತ್ರಿಗೆ ಇಳಿದುಹೋಗುತ್ತದೆ. ಕನಸಿಗೆ ಉಪಯೋಗವಿಲ್ಲ. ಹಗಲಿನ ಗಾಬರಿಗೆ ಅಂತ ಇಟ್ಟುಕೊಂಡಿದ್ದೆ. ಕೈ ಪದೇ ಪದೇ ಆ ಕಡೆ ಹೋಗತೊಡಗಿದಾಗ ಮಾರಿಬಿಟ್ಟೆ.

ಮಾಜಿ ಸೈನಿಕರ ಮೇಲೆ ನಡೆದ 2021ರ ಪ್ರಯೋಗವನ್ನು ವೈದ್ಯರು ಆಗಾಗ ನನ್ನ ಮುಂದೆ ಇಡುತ್ತಾರೆ. ಸೇದಿದ ಗಾಂಜಾ ಅಲ್ಲಿ ಹುಸಿ ಔಷಧಿಗಿಂತ ಮೇಲುಗೈ ತೋರಲಿಲ್ಲ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರಿಗೆ ಕೊಟ್ಟದ್ದು ಸೇದುವ ಗಾಂಜಾ, ಎಷ್ಟು ಸೇದಬೇಕೆಂಬುದು ಒಂದು ಮಿತಿಯೊಳಗೆ ಅವರಿಷ್ಟ. ನನ್ನದು ಅಳೆದ ಎಣ್ಣೆ, ರಾತ್ರಿ ಮಾತ್ರ, ಜೊತೆಗೆ ವಾರವಾರ ಆಪ್ತಸಮಾಲೋಚನೆ. ಅಪಘಾತವನ್ನು ಬಾಯಿಬಿಟ್ಟು ಹೇಳುವ ಕೆಲಸ ನಡೆದದ್ದು ಅಲ್ಲೇ. ಅಲ್ಲಿಗೆ ಅಮಲಿನಲ್ಲಿ ಬರಬಾರದು ಅನ್ನುವುದು ಆಪ್ತಸಮಾಲೋಚಕರ ಷರತ್ತು. ಎಣ್ಣೆ ನನಗೆ ನಿದ್ದೆ ಕೊಟ್ಟಿತು, ನಿದ್ದೆ ಆ ಕೋಣೆಯಲ್ಲಿ ಕೂರುವ ಶಕ್ತಿ ಕೊಟ್ಟಿತು.

ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ಟಿಎಚ್‌ಸಿ ತಂಟೆಗೆ ಹೋಗಬೇಡಿ. ತೆಗೆದುಕೊಂಡ ರಾತ್ರಿ ನಾನು ಗಾಡಿ ಮುಟ್ಟುವುದಿಲ್ಲ.

ಕೆಲವು ತಿಂಗಳಿಗೊಮ್ಮೆ ಎಣ್ಣೆ ನಿಲ್ಲಿಸುತ್ತೇನೆ, ಇಲ್ಲದಿದ್ದರೆ ಡೋಸ್ ಏರುತ್ತಲೇ ಹೋಗುತ್ತದೆ. ಟಿಎಚ್‌ಸಿ ಕನಸಿನ ನಿದ್ದೆಯನ್ನು ಒತ್ತಿಹಿಡಿಯುತ್ತದೆ. ಬಿಟ್ಟ ಮೊದಲ ವಾರ ಅದೆಲ್ಲ ಒಮ್ಮೆಲೇ ನುಗ್ಗುತ್ತದೆ. ಆ ವಾರ ರಜೆ ಹಾಕಿಕೊಳ್ಳುತ್ತೇನೆ, ಅಣ್ಣನಿಗೆ ಮೊದಲೇ ಹೇಳಿರುತ್ತೇನೆ. ಹೋದ ಸಲ ನಾಲ್ಕನೇ ರಾತ್ರಿಗೇ ಕನಸು ತಣ್ಣಗಾಗಿತ್ತು. ಮುಂದಿನ ಸಲ ಬಿಡುವು ಮುಗಿದ ಮೇಲೆ 3 ಮಿಲಿಗ್ರಾಂಗೇ ನಿಲ್ಲಿಸಿ ನೋಡೋಣ ಅಂತ ವೈದ್ಯರೇ ಹೇಳಿದ್ದಾರೆ.